ಮೂರನೇ ಸಂಪುಟಕ್ಕೆ ಕೂರುವಾಗ

ಫ್ಯಾಂಟಸಿ ತ್ರಿವಳಿಯ ಕೊನೆಯ ಕಾದಂಬರಿಗೆ ಕೈ ಹಾಕುವ ಮೊದಲು ನಾನು ಒಂದು ಉದ್ರಿ ಖಾತೆ ತೆರೆಯುತ್ತೇನೆ. ಮೊದಲೆರಡು ಸಂಪುಟಗಳನ್ನು ಪೆನ್ಸಿಲ್ ಹಿಡಿದು ಓದಿ, ಓದುಗರಿಗೆ ಬಾಕಿ ಉಳಿಸಿಕೊಂಡ ಶಾಪ, ಆಣೆ, ಕಾಣೆಯಾದ ಮಗು, ಅರ್ಧ ಹೇಳಿದ ಭವಿಷ್ಯ ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸುವುದು. ನಾಲ್ಕು ಕಾಲಂ ಸಾಕು: ಬಾಕಿ ಏನು, ಯಾವ ಪುಟ, ಯಾರಿಗೆ ಗೊತ್ತು, ಎಲ್ಲಿ ತೀರುತ್ತದೆ. ‘ಯಾರಿಗೆ ಗೊತ್ತು’ ಎಂಬುದನ್ನು ಬಿಟ್ಟರೆ ಪಾತ್ರಗಳು ತಾವು ಕೇಳಿಯೇ ಇರದ ಗುಟ್ಟನ್ನು ಆಡಿಬಿಡುತ್ತವೆ.

ಎಲ್ಲ ಬಾಕಿಯನ್ನೂ ಕೊನೆಯ ಯುದ್ಧಕ್ಕೆ ಇಟ್ಟುಕೊಳ್ಳಬಾರದು. ಯುದ್ಧದ ನಡುವೆ ಗುಟ್ಟು ಬಿಚ್ಚುತ್ತ ಕುಂತರೆ ಕತ್ತಿ ನಿಂತುಬಿಡುತ್ತದೆ. ಅರ್ಧಕ್ಕರ್ಧ ನಡುಭಾಗದೊಳಗೇ ತೀರಬೇಕು. ಕೊನೆಗೆ ಎರಡೋ ಮೂರೋ ಉಳಿದರೆ ಸಾಕು.

ಗೆಲುವು ತರುವ ಹೊಸ ಮಂತ್ರ, ಹೊಸ ಆಯುಧ ಇಲ್ಲಿ ಹುಟ್ಟಕೂಡದು. ಅದು ಮೊದಲ ಸಂಪುಟದಲ್ಲೇ, ಯಾರೂ ಲಕ್ಷ್ಯ ಕೊಡದ ಜಾಗದಲ್ಲಿ ಇರಬೇಕು. ನನ್ನ ಕಥೆಯ ರಾಜಧಾನಿಯ ಬಾವಿಗೆ ಲಕ್ಕುಂಡಿಯ ಮುಸುಕಿನ ಬಾವಿಯೇ ಮಾದರಿ: ಮೆಟ್ಟಿಲಿಳಿದಂತೆ ಗೋಡೆಯಲ್ಲಿ ಪುಟ್ಟ ಗೂಡುಗಳು. ಮೊದಲ ಸಂಪುಟದಲ್ಲಿ ಬಾವಿ ತುಂಬಿದೆ, ಮೇಲಿನ ಗೂಡುಗಳಷ್ಟೇ ಕಾಣುತ್ತವೆ. ಎರಡನೆಯದರಲ್ಲಿ ಬರ. ಮೂರನೆಯದರಲ್ಲಿ ತಳದ ಗೂಡು ಬಯಲಾಗಿ ಅಲ್ಲಿಯ ಶಾಸನ ಸಿಕ್ಕಾಗ ಓದುಗರಿಗೆ ಮೋಸ ಅನಿಸುವುದಿಲ್ಲ.

ಬೇರೆ ಬೇರೆ ದಿಕ್ಕಿನ ಪಾತ್ರಗಳು ಒಂದೇ ದಿನ ರಣರಂಗ ಸೇರಬೇಕಲ್ಲ, ಅದಕ್ಕೆ ಯುದ್ಧದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಎತ್ತಿನ ಗಾಡಿ ಕಟ್ಟಿಕೊಂಡ ದಂಡಿಗೆ ದಿನಕ್ಕೆ 15–20 ಕಿ.ಮೀ. ಹಿಡಿಯುವುದು. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ.; ಅಷ್ಟು ದಾರಿಗೇ ಮೂರು-ನಾಲ್ಕು ದಿನ ಬೇಕು. ಮಳೆಯಾದರಂತೂ ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಅದರರ್ಧ ಸಾಗಿದರೂ ಹೆಚ್ಚು. ನಕಾಶೆಯ ಮೇಲೆ ದಾರ ಇಟ್ಟು ಅಳೆದರೆ ಎಷ್ಟೋ ಅಧ್ಯಾಯಗಳ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಯುದ್ಧ ಮುಗಿದ ಮೇಲೆ ಎಷ್ಟು ಬರೆಯಬೇಕು? ಗದುಗಿನ ಕುಮಾರವ್ಯಾಸ ಗದಾಪರ್ವಕ್ಕೆ, ಹತ್ತು ಪರ್ವಕ್ಕೆ ನಿಲ್ಲಿಸಿದ. ಮುಂದಿನದನ್ನು ತಿಮ್ಮಣ್ಣ ಕವಿ ಬರೆದ. ನಮಗೆ ಆ ಆಸರೆ ಇಲ್ಲ. 400 ಪುಟದ ಸಂಪುಟವಾದರೆ 40 ಪುಟವನ್ನು ಯುದ್ಧಾನಂತರಕ್ಕೆ ತೆಗೆದಿಡುತ್ತೇನೆ. ಹೆಣಗಳಿಗೆ ಸಂಸ್ಕಾರ ಆಗಬೇಕು, ದಂಡಿನವರಿಗೆ ಪಗಾರ ಸಿಗಬೇಕು, ಹಿಂಗಾರಿ ಬಿತ್ತನೆಗೆ ಬೀಜ ಉಳಿದಿದೆಯೇ ಎಂದು ಯಾರಾದರೂ ಹಗೇವು ತೆಗೆಸಿ ನೋಡಬೇಕು. ಪಟ್ಟಾಭಿಷೇಕಕ್ಕೆ ಎರಡು ಪುಟ ಸಾಕು.