ಬೈಕಂಪಾಡಿಯ ಮಳೆ, ನಮ್ಮ ಫ್ಲಕ್ಸ್

ಸಬ್‌ಮರ್ಜ್ಡ್ ಆರ್ಕ್ ವೆಲ್ಡಿಂಗ್, ಶಾಪ್ ಭಾಷೆಯಲ್ಲಿ 'ಸಾ', ನಾನು ಕಲಿತದ್ದು ಬಳ್ಳಾರಿ ಕಡೆ. ಫ್ಲಕ್ಸ್ ಅನ್ನುವ ಖನಿಜದ ಕಾಳಿನ ರಾಶಿಯ ಅಡಿಯಲ್ಲಿ ಆರ್ಕ್ ಉರಿಸಿ ಸ್ಟೀಲ್ ಬೆಸೆಯುವ ವಿಧಾನ ಅದು. ಅಲ್ಲಿಯ ಬಿಸಿಲಿಗೆ ಫ್ಲಕ್ಸ್ ಚೀಲ ಹರಿದು ನೇರ ಹಾಪರ್‌ಗೆ ಸುರಿದರೂ ನಡೆದುಹೋಗುತ್ತಿತ್ತು. ಅದೇ ಅಭ್ಯಾಸ ಹೊತ್ತುಕೊಂಡು ಮಂಗಳೂರಿನ ಬೈಕಂಪಾಡಿಯ ಒಂದು ಫ್ಯಾಬ್ರಿಕೇಶನ್ ಶಾಪ್‌ಗೆ ಸೂಪರ್‌ವೈಸರ್ ಆಗಿ ಬಂದೆ. ಬಂದದ್ದು ಜೂನ್‌ನಲ್ಲಿ.

ಜುಲೈನಲ್ಲಿ ಒಂದು ಗರ್ಡರ್ ಕೆಲಸ ಇತ್ತು. ಇ350 ದರ್ಜೆಯ ಸ್ಟೀಲ್ ಪ್ಲೇಟು, 40 ಮಿ.ಮೀ ದಪ್ಪದ ಫ್ಲ್ಯಾಂಜ್ (ಗರ್ಡರ್‌ನ ಮೇಲಿನ, ಕೆಳಗಿನ ಅಗಲ ಪಟ್ಟಿ), ಬಟ್ ಜಾಯಿಂಟ್, ಅಂದರೆ ಅಂಚಿಗೆ ಅಂಚು ಕೂಡಿಸುವುದು. 4 ಮಿ.ಮೀ ವೈರ್, 550 ಆಂಪ್ಸ್, 30 ವೋಲ್ಟ್. ವೆಲ್ಡ್‌ಗೆ ಮೊದಲು ಪ್ಲೇಟಿಗೆ ಕೊಡುವ ಬಿಸಿ, ಅಂದರೆ ಪ್ರೀಹೀಟ್, 110 ಡಿಗ್ರಿ, ಥರ್ಮಲ್ ಚಾಕ್ ಹಚ್ಚಿ ನಾನೇ ನೋಡಿದ್ದೆ. ಫ್ಲಕ್ಸ್ ಕರಗಿ ಗಟ್ಟಿಯಾದ ಸ್ಲ್ಯಾಗ್ ತಾನಾಗೇ ಎದ್ದು ಬರುತ್ತಿತ್ತು, ಅದರಡಿಯ ವೆಲ್ಡ್ ಗೆರೆ, ಅಂದರೆ ಬೀಡ್, ಕನ್ನಡಿಯ ಹಾಗೆ. ಅದೇ ಸಂಜೆ ಯುಟಿ, ಅಂದರೆ ಒಳಗಿನ ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆ, ಮಾಡಿಸಿದೆವು. ಏನೂ ಸಿಗಲಿಲ್ಲ. ಖುಷಿಯಿಂದ ಮನೆಗೆ ಹೋದೆ.

48 ಗಂಟೆ ಬಿಟ್ಟು ಕ್ಲೈಂಟ್ ಕಡೆಯವರು ಮತ್ತೆ ಯುಟಿ ಮಾಡಿದರು. ಯುಟಿ ಹುಡುಗ ಪ್ರೋಬ್ ಓಡಿಸುತ್ತಾ ಒಂದು ಕಡೆ ನಿಂತ. ಚಾಕ್‌ನಲ್ಲಿ ಗುರುತು ಹಾಕಿದ. ಇನ್ನೊಂದು ಅಡಿ ಮುಂದೆ ಮತ್ತೆ ನಿಂತ. ಹೀಗೆ ಒಂದೇ ಜಾಯಿಂಟ್‌ನಲ್ಲಿ ಐದು ಗುರುತು. ಗೌಜಿಂಗ್ ಮಾಡಿ ವೆಲ್ಡ್ ಕೊರೆದು ತೆಗೆದು, ಗ್ರೈಂಡ್ ಮಾಡಿ, ಬಿರುಕು ತೋರಿಸುವ ಕೆಂಪು ಬಣ್ಣ, ಡಿಪಿ, ಹೊಡೆದೆವು. ಬಿಳಿ ಡೆವಲಪರ್ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ ನಿಧಾನವಾಗಿ ಮೂಡಿತು. ವೆಲ್ಡ್‌ಗೆ ಅಡ್ಡಲಾಗಿ, ಒಳಗೆ 15 ಮಿ.ಮೀ ಆಳದಲ್ಲಿ. ಆ ಕೆಂಪು ಗೆರೆ ಇವತ್ತಿಗೂ ಕಣ್ಣ ಮುಂದೆ ಇದೆ.

ವೈರ್‌ನ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚ್‌ನ ಗುರುತು) ನೋಡಿದೆ, ಪ್ಲೇಟ್ ಸರ್ಟಿಫಿಕೇಟ್ ನೋಡಿದೆ, ಎಲ್ಲಾ ಸರಿ ಇತ್ತು. ಕೊನೆಗೆ ನಮ್ಮ ಹಿರಿಯ ಫಿಟ್ಟರ್ ಒಬ್ಬರು ಸ್ಟೋರ್ ಕಡೆ ಕೈ ತೋರಿಸಿ ಹೇಳಿದರು: "ಮಾರಾಯ್ರೆ, ಈ ಮಳೆಗೆ ಕರಿದ ಹಪ್ಪಳ ಹತ್ತು ನಿಮಿಷ ಹೊರಗಿಟ್ರೆ ಮೆತ್ತಗಾಗ್ತದೆ. ನಿಮ್ಮ ಫ್ಲಕ್ಸ್ ಚೀಲ ಮೂರು ದಿನದಿಂದ ಬಾಯಿ ತೆರೆದೇ ಉಂಟು."

ನಾವು ಬಳಸುತ್ತಿದ್ದದ್ದು ಅಗ್ಲೊಮರೇಟೆಡ್ ಫ್ಲಕ್ಸ್. ಖನಿಜದ ಪುಡಿಗಳನ್ನು ಸಿಲಿಕೇಟ್ ಅಂಟಿನಲ್ಲಿ ಉಂಡೆ ಕಟ್ಟಿ ಸುಟ್ಟದ್ದು, ನೋಡಲು ಬೂದು ಬಣ್ಣದ ರವೆ. ಈ ಕಾಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಫ್ಯೂಸ್ಡ್ ಫ್ಲಕ್ಸ್ ಬೇರೆ, ಅದು ಕರಗಿಸಿ ಒಡೆದ ಗಾಜಿನ ಹಾಗೆ, ತೇವ ಮೇಲ್ಮೈಯಲ್ಲಷ್ಟೇ ಕೂರುತ್ತದೆ. ಕಷ್ಟ ಏನಂದ್ರೆ, ಕೈಗೆ ಒದ್ದೆ ಅಂತ ಅನಿಸುವುದೇ ಇಲ್ಲ. ಮುಷ್ಟಿಯಲ್ಲಿ ಹಿಡಿದರೆ ಗರಗರ ಅಂತಲೇ ಜಾರುತ್ತದೆ. ಆದರೆ ಅದರೊಳಗಿನ ಚೂರು ನೀರು ಆರ್ಕ್‌ನಲ್ಲಿ ಒಡೆದು ಹೈಡ್ರೋಜನ್ ಆಗಿ ಕರಗಿದ ಸ್ಟೀಲ್‌ಗೆ ಸೇರುತ್ತದೆ. ಸ್ಟೀಲ್ ತಣ್ಣಗಾದ ಮೇಲೂ ಅದು ಒಳಗೇ ಓಡಾಡಿ, ಎಳೆತ ಜಾಸ್ತಿ ಇರುವ ಗಟ್ಟಿ ಜಾಗದಲ್ಲಿ ಸೇರಿಕೊಂಡು, ಒಂದೆರಡು ದಿನದ ಮೇಲೆ ಸೀಳುತ್ತದೆ. ಸಂಜೆಯ ಯುಟಿಯಲ್ಲಿ ಏನೂ ಕಾಣದೇ ಇದ್ದದ್ದು ಅದಕ್ಕೇ. ತೆಳು ಪ್ಲೇಟಿನಲ್ಲಿ ಹೈಡ್ರೋಜನ್ ಬೇಗ ಹೊರಗೆ ಹೋಗುತ್ತದೆ, ಎಳೆತವೂ ಕಡಿಮೆ. 40 ಮಿ.ಮೀ ಪ್ಲೇಟು ಬಿಡುವುದಿಲ್ಲ.

ಫ್ಲಕ್ಸ್ ಒಣಗಿಸುವ ಓವನ್ ಇರಲಿಲ್ಲ ಅಂತಲ್ಲ, ಇತ್ತು. ಡಿಸ್‌ಪ್ಲೇ 350 ಅಂತ ತೋರಿಸುತ್ತಿತ್ತು. ಬಿಸಿ ಅಳೆಯುವ ಒಂದು ಥರ್ಮೋಕಪಲ್ ತಂದು ಟ್ರೇಯ ಫ್ಲಕ್ಸ್ ನಡುವೆ ಚುಚ್ಚಿದೆ. ಒಂದು ಗಂಟೆ ಆದರೂ 180 ದಾಟಲಿಲ್ಲ! ಹುಡುಗರು ಟ್ರೇಯಲ್ಲಿ ಒಂದು ಗೇಣು ಎತ್ತರಕ್ಕೆ ತುಂಬಿದ್ದರು. ಫ್ಲಕ್ಸ್ ಬಿಸಿಯನ್ನು ಬೇಗ ಒಳಗೆ ಬಿಡುವ ವಸ್ತುವಲ್ಲ. ಅವತ್ತಿನಿಂದ ಟ್ರೇಯಲ್ಲಿ ಎರಡು ಬೆರಳಿನಷ್ಟೇ ದಪ್ಪ. ಗಡಿಯಾರ ಶುರುವಾಗುವುದು ಒಳಗಿನ ಥರ್ಮೋಕಪಲ್ 350 ಮುಟ್ಟಿದ ಮೇಲೆ, ಅಲ್ಲಿಂದ ಪೂರಾ ಎರಡು ಗಂಟೆ. ಇದು ನಮ್ಮ ಚೀಲದ ಮೇಲಿದ್ದ ಅಳತೆ, ನಿಮ್ಮ ಚೀಲದ ಮೇಲೆ ಏನಿದೆಯೋ ಅದನ್ನೇ ನಂಬಿ. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಎಡಬ್ಲ್ಯುಎಸ್ ಡಿ1.1 ಕೋಡ್‌ನಲ್ಲೂ, ಚೀಲ ಹರಿದು ಹಾಳಾಗಿದ್ದರೆ ಆ ಫ್ಲಕ್ಸ್ ಎಸೆಯಬೇಕು, ಇಲ್ಲಾ ಕಡಿಮೆ ಅಂದರೂ 260 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಬೇಕು ಅಂತ ಇದೆ. ಒಣಗಿದ್ದನ್ನು 120-150 ಡಿಗ್ರಿಯಲ್ಲಿ ಇಟ್ಟು, ಅರ್ಧ ಶಿಫ್ಟ್‌ಗೆ ಬೇಕಾದಷ್ಟೇ ಹೊರಗೆ ತರುತ್ತೇವೆ. ಊಟಕ್ಕೆ ಹೋಗುವಾಗ ಹಾಪರ್‌ನಲ್ಲಿ ಉಳಿದದ್ದು ವಾಪಸ್ ಓವನ್‌ಗೆ.

ಇನ್ನೊಂದು ತೇವದ ದಾರಿ ನಮಗೆ ಹೊಳೆದೇ ಇರಲಿಲ್ಲ. ಉಳಿದ ಫ್ಲಕ್ಸನ್ನು ಎಳೆದುಕೊಳ್ಳುವ ರಿಕವರಿ ಯೂನಿಟ್ ಓಡುತ್ತಿದ್ದದ್ದು ಕಂಪ್ರೆಸರ್ ಗಾಳಿಯಲ್ಲಿ. ಲೈನ್‌ನ ಕೊನೆಯಲ್ಲಿ ಒಂದು ಬಿಳಿ ಬಟ್ಟೆ ಹಿಡಿದು ವಾಲ್ವ್ ಬಿಟ್ಟು ನೋಡಿದೆ. ಅರ್ಧ ನಿಮಿಷದಲ್ಲಿ ನೀರು, ಎಣ್ಣೆ ಎರಡರ ಕಲೆಯೂ ಬಂತು. ಡ್ರೈಯರ್ ಹಾಕಿಸಿದೆವು. ರಿಕವರಿ ಫ್ಲಕ್ಸನ್ನು ಈಗ ಜರಡಿ ಹಿಡಿದು, ಪ್ಲೇಟಿನಿಂದ ಎದ್ದ ಕಪ್ಪು ಆಕ್ಸೈಡ್ ಪದರು, ಮಿಲ್ ಸ್ಕೇಲ್, ಹೋಗಲಿ ಅಂತ ಮ್ಯಾಗ್ನೆಟ್ ಆಡಿಸಿ, ಮೂರರಲ್ಲಿ ಒಂದು ಪಾಲು ಹೊಸದನ್ನು ಸೇರಿಸಿಯೇ ಬಳಸುವುದು. ಸುತ್ತಿ ಸುತ್ತಿ ಬಂದ ಫ್ಲಕ್ಸ್‌ನಲ್ಲಿ ಹಿಟ್ಟಿನಂಥ ಪುಡಿ ಜಾಸ್ತಿಯಾದರೆ ಗ್ಯಾಸ್ ಹೊರಗೆ ಹೋಗಲು ಜಾಗ ಸಿಗದೆ ಬೀಡ್ ಮೇಲೆ ಸಿಡುಬಿನ ಕಲೆಯಂಥ ಗುಳಿ ಬೀಳುತ್ತದೆ. ಫ್ಲಕ್ಸ್ ರಾಶಿ ತೀರಾ ಎತ್ತರ ಆದರೂ ಅದೇ ಕಥೆ. ನಾನು 25-30 ಮಿ.ಮೀ ಇಡುತ್ತೇನೆ.

ಫ್ಲಕ್ಸ್ ಆರಿಸುವ ವಿಷಯಕ್ಕೂ ಬರುತ್ತೇನೆ. ಎಫ್7ಎ2-ಇಎಂ12ಕೆ ಅಂತ ಬರೆದಿರುವುದು ಫ್ಲಕ್ಸ್, ವೈರ್ ಎರಡೂ ಸೇರಿದ ಜೋಡಿಗೆ. 7 ಅಂದರೆ ವೆಲ್ಡ್ ಎಳೆತ ತಡೆಯುವ ಬಲ ಕಡಿಮೆ ಅಂದರೂ 70 ಸಾವಿರ ಪಿಎಸ್‌ಐ, ಸುಮಾರು 480 ಎಂಪಿಎ. ಎ ಅಂದರೆ ವೆಲ್ಡ್ ಮಾಡಿದ ಸ್ಥಿತಿಯಲ್ಲೇ. 2 ಅಂದರೆ ಮೈನಸ್ 29 ಡಿಗ್ರಿಯಲ್ಲಿ 27 ಜೌಲ್ ಇಂಪ್ಯಾಕ್ಟ್, ಅಂದರೆ ಹೊಡೆತ ತಡೆಯುವ ಶಕ್ತಿ. ವೈರ್ ಬದಲಾದರೆ ಆ ನಂಬರ್ ನಿಮ್ಮದಲ್ಲ. ಒಂದೇ ರನ್‌ನ (ಒಂದೇ ಸಲ ಹಾಕುವ) ಮೂಲೆ ವೆಲ್ಡ್‌ಗೆ, ಅಂದರೆ ಫಿಲೆಟ್‌ಗೆ, ಸ್ವಲ್ಪ ತುಕ್ಕು ಇರುವ ಪ್ಲೇಟ್‌ಗೆ ಆಕ್ಟಿವ್ ಫ್ಲಕ್ಸ್ ಚೆನ್ನಾಗಿ ಕೂರುತ್ತದೆ. ಅದನ್ನೇ ದಪ್ಪ ಜಾಯಿಂಟ್‌ಗೆ ಹಾಕಬೇಡಿ. ಪ್ರತಿ ರನ್‌ನಲ್ಲೂ ಮ್ಯಾಂಗನೀಸ್, ಸಿಲಿಕಾನ್ ಸೇರುತ್ತಾ ಹೋಗಿ ವೆಲ್ಡ್ ಗಡುಸಾಗುತ್ತದೆ, ವೋಲ್ಟ್ ಏರಿಸಿದಷ್ಟೂ ಇನ್ನೂ ಜಾಸ್ತಿ. ನಾನು 25 ಮಿ.ಮೀ ಮೇಲೆ, ಇವನ್ನು ಅಷ್ಟಾಗಿ ಸೇರಿಸದ ನ್ಯೂಟ್ರಲ್, ಬೇಸಿಕ್ ಫ್ಲಕ್ಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಪೈಪಿನ ಸುತ್ತಿನ ಜಾಯಿಂಟ್‌ನಲ್ಲಿ ಇನ್ನೊಂದು ಗಮನ ಬೇಕು. ಸ್ಲ್ಯಾಗ್ ಬೇಗ ಗಟ್ಟಿಯಾಗುವಂಥದ್ದಿರಬೇಕು, ಇಲ್ಲದಿದ್ದರೆ ಜಾರಿ ಇಳಿಯುತ್ತದೆ. ಹೊರಗಿನಿಂದ ಹಾಕುವಾಗ ವೈರನ್ನು ನೆತ್ತಿಯ ಮೇಲೆ ಇಡದೆ, ಪೈಪ್ ಮೇಲಕ್ಕೆ ಏರಿ ಬರುವ ಬದಿಗೆ ಸ್ವಲ್ಪ ಸರಿಸಬೇಕು. ಒಂದು ಮೀಟರ್ ವ್ಯಾಸಕ್ಕೆ ನಾನು 35 ಮಿ.ಮೀ ಸರಿಸುತ್ತೇನೆ. ನೆತ್ತಿಗೆ ಬರುವ ಹೊತ್ತಿಗೆ ಅದು ಗಟ್ಟಿಯಾಗಿರುತ್ತದೆ.

ಆ ಗರ್ಡರ್ ಜಾಯಿಂಟನ್ನು ಪೂರ್ತಿ ತೆಗೆದು ಮತ್ತೆ ತುಂಬಿದೆವು. ಹೊರಗೆ ಅದೇ ಮಳೆ. ಆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಯುಟಿ ಹುಡುಗ ಆ ತುದಿಯಿಂದ ಈ ತುದಿಗೆ ಪ್ರೋಬ್ ಓಡಿಸಿದ, ಎಲ್ಲೂ ನಿಲ್ಲಲಿಲ್ಲ. ಚಾಕನ್ನು ಜೇಬಿಗೆ ಹಾಕಿಕೊಂಡ. ಮಧ್ಯಾಹ್ನ ಊಟಕ್ಕೆ ಮೊದಲೇ ಎರಡನೇ ಓವನ್‌ಗೆ ಇಂಡೆಂಟ್ ಬರೆದು ಕೊಟ್ಟೆ.