ಆರನೇ ಅಕ್ಷರ: ಮನೆಯಲ್ಲೇ ಕೂತು ಮಾಡುವ ಕೆಲಸ ಹುಡುಕಿದ ಕಥೆ

ನನ್ನ ಮೊದಲ 'ವರ್ಕ್ ಫ್ರಂ ಹೋಮ್' ಕೆಲಸಕ್ಕೆ ನಾನೇ ದುಡ್ಡು ಕೊಟ್ಟೆ. 2,499 ರೂಪಾಯಿ. ಮಗಳಿಗೆ ಆಗ ಎರಡು ವರ್ಷ.

ಶಿರಸಿಯಲ್ಲಿ ಬಿ.ಕಾಂ ಮುಗಿಸಿ, ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ಮೂರು ವರ್ಷ ದುಡಿದು, ಮದುವೆಯಾಗಿ ಹುಲೇಕಲ್ ಕಡೆಯ ಹಳ್ಳಿಗೆ ಬಂದವಳು ನಾನು. ಮನೆಯವರು ತೋಟ ನೋಡಿಕೊಳ್ಳುತ್ತಾರೆ. ಊಟಕ್ಕೆ, ಬಟ್ಟೆಗೆ ಕೊರತೆ ಇಲ್ಲ. ಆದರೆ ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಮಗುವಿನ ಖರ್ಚು ಬರುವುದು ದಿನಾ. ಪ್ರತಿ ಸಲ ಮುನ್ನೂರು, ಐನೂರು ಕೇಳುವಾಗ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಕೇಳಬೇಕಲ್ಲ ಅನ್ನುವುದೇ ಒಂದು ಕಿರಿಕಿರಿ.

ಫೋನಿನಲ್ಲಿ ಬಂದ ಜಾಹೀರಾತಿನಲ್ಲಿ 'ಗೃಹಿಣಿಯರಿಗೆ ಡೇಟಾ ಎಂಟ್ರಿ, ತಿಂಗಳಿಗೆ 18 ಸಾವಿರ' ಎಂದಿತ್ತು. ಮಾತಾಡಿದ ಹುಡುಗಿಯ ಕನ್ನಡ ಚೆನ್ನಾಗಿತ್ತು, 'ಅಕ್ಕಾ' ಎಂದೇ ಕರೆದಳು. ನೋಂದಣಿ ಶುಲ್ಕ ಕಟ್ಟಿದೆ, ಆಧಾರ್ ಫೋಟೋ ಕಳಿಸಿದೆ, ಹನ್ನೊಂದು ಪುಟದ ಒಪ್ಪಂದಕ್ಕೆ ಓದದೇ ಸಹಿ ಹಾಕಿದೆ. ಐದು ದಿನದಲ್ಲಿ 600 ಫಾರ್ಮ್ ಟೈಪ್ ಮಾಡಬೇಕು, ಶೇಕಡಾ 90 ತಪ್ಪಿಲ್ಲದೆ ಇರಬೇಕು. ಫಾರ್ಮ್ ಎಂದರೆ ಮಸುಕು ಮಸುಕಾದ ಚಿತ್ರಗಳು. ಯಾವ ದೇಶದವರದೋ ಹೆಸರು, ಸೊನ್ನೆಯೋ 'ಓ' ಅಕ್ಷರವೋ ತಿಳಿಯದ ನಂಬರು, ಬೇಕೆಂದೇ ಎರಡೆರಡು ಸಲ ಬಿಟ್ಟ ಜಾಗ. ಮಗಳನ್ನು ಮಲಗಿಸಿ ಮೆತ್ತಿನ ಮೇಲೆ ಕೂತು ರಾತ್ರಿ ಎರಡರ ತನಕ ಟೈಪ್ ಮಾಡಿದೆ. ಆರನೇ ದಿನ ವರದಿ ಬಂತು: ಶೇಕಡಾ 87. ಪಾಸಾಗಲಿಲ್ಲ. ಸಂಬಳ ಇಲ್ಲ. ಮೇಲಾಗಿ ಒಪ್ಪಂದ ಮುರಿದಿದ್ದಕ್ಕೆ 5,900 ಕಟ್ಟಬೇಕು, ಇಲ್ಲದಿದ್ದರೆ ಕೇಸು.

ಮರುದಿನ ವಾಟ್ಸಾಪಿಗೆ ಕೋರ್ಟ್ ನೋಟಿಸು ಎಂದು ಒಂದು ಪಿಡಿಎಫ್ ಬಂತು. ಮೇಲೆ ಸಿಂಹಲಾಂಛನ, ಕೆಳಗೆ ಕೆಂಪು ಸೀಲು, ನಡುವೆ ನನ್ನ ಹೆಸರು. ಮೂರು ದಿನ ಯಾರಿಗೂ ಹೇಳಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಕೊಟ್ಟಿಗೆಗೆ ಹೋಗುತ್ತಿದ್ದೆ. ಕೊನೆಗೆ ಕೇಳಿದ್ದು ಮಾವ. ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ಕೊನೆಗೌಡ ಮರ ಹತ್ತಲೆ ನಮಗೇ ದುಡ್ಡು ಕೊಡ್ತ್ನನೇ ತಂಗಿ?" ಎಂದರು; ಕೊನೆಗೌಡ ಎಂದರೆ ಅಡಿಕೆ ಕೊನೆ ಕೊಯ್ಯಲು ಮರ ಹತ್ತುವವನು. ಅಷ್ಟೇ. ಹುಬ್ಬಳ್ಳಿಯಲ್ಲಿ ಮೂರು ವರ್ಷ ಲೆಕ್ಕ ಬರೆದವಳಿಗೆ ಈ ಲೆಕ್ಕ ಹೊಳೆದಿರಲಿಲ್ಲ.

ನಮ್ಮ ನೆಂಟರಲ್ಲಿ ಒಬ್ಬರು ವಕೀಲರು. ನೋಟಿಸನ್ನು ನೋಡಿ, "ಕೋರ್ಟಿನವರು ಕೆಳಗೆ ಕ್ಯೂಆರ್ ಕೋಡ್ ಹಾಕಿ ದುಡ್ಡು ಕೇಳ್ತ್ವನೇ?" ಎಂದು ನಕ್ಕುಬಿಟ್ಟರು. ನಾನು ಆ ಕೋಡನ್ನು ನೋಡಿಯೇ ಇರಲಿಲ್ಲ, ಸೀಲು ನೋಡಿಯೇ ಕೈಕಾಲು ಬಿದ್ದುಹೋಗಿತ್ತು. ಅವರು ಹೇಳಿದಂತೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಬರೆದೆ. ದುಡ್ಡು ವಾಪಸ್ ಬರಲಿಲ್ಲ. ದುಡ್ಡು ಹೋದ ಗಂಟೆಯೊಳಗೆ ಹೇಳಿದ್ದರೆ ಆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ, ನಾನು ಹೇಳಿದ್ದು ಎರಡು ವಾರದ ಮೇಲೆ. ಆದರೆ ದೂರಿನ ನಂಬರನ್ನು ಆ 'ಅಕ್ಕಾ' ಎಂದವಳಿಗೇ ಕಳಿಸಿದೆ. ಕರೆಗಳು ನಿಂತವು.

ಇನ್ನು ಉಳಿದ ಬಗೆಯ ಮೋಸಗಳು. ವಿಡಿಯೋಕ್ಕೆ ಲೈಕ್ ಒತ್ತಿದರೆ ಐವತ್ತು ರೂಪಾಯಿ ಎಂದು ಟೆಲಿಗ್ರಾಂ ಗುಂಪಿಗೆ ಸೇರಿಸುವವರು ಮೊದಲು ನೂರೈವತ್ತು ನಿಜಕ್ಕೂ ಕೊಡುತ್ತಾರೆ. ಅದು ಗಾಳಕ್ಕೆ ಸಿಕ್ಕಿಸಿದ ಎರೆ. ಆಮೇಲೆ 'ಪ್ರೀಪೇಯ್ಡ್ ಟಾಸ್ಕ್' ಎಂದು ಸಾವಿರ, ಐದು ಸಾವಿರ ಕಟ್ಟಿಸಿಕೊಳ್ಳುತ್ತಾರೆ. ಇದಕ್ಕಿಂತ ಕೆಟ್ಟದ್ದು, 'ನಿಮ್ಮ ಬ್ಯಾಂಕ್ ಖಾತೆ ಕೊಡಿ, ಬಂದ ದುಡ್ಡನ್ನು ನಾವು ಹೇಳಿದಲ್ಲಿಗೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ' ಎನ್ನುವುದು. ಮೇಲಿನ ಮೋಸಗಳಲ್ಲಿ ನಿಮ್ಮ ದುಡ್ಡು ಹೋಗುತ್ತದೆ. ಇಲ್ಲಿ ಬೇರೆಯವರಿಂದ ಕದ್ದ ದುಡ್ಡು ನಿಮ್ಮ ಹೆಸರಿನ ಖಾತೆಯಲ್ಲಿ ಹಾದು ಹೋಗುತ್ತದೆ, ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ನಿಮ್ಮದೇ.

ಮೋಸ ಹೋದ ಮೇಲೆ ಆರು ತಿಂಗಳು ಸುಮ್ಮನಿದ್ದೆ. ಮತ್ತೆ ಹುಡುಕಿದಾಗ ಫೋನಿನಲ್ಲಿ ಹುಡುಕಲಿಲ್ಲ. ನನಗೆ ಹಿಂದೊಮ್ಮೆ ಸಂಬಳ ಬರುತ್ತಿದ್ದದ್ದು ಯಾವುದಕ್ಕೆ? ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಗೆ. ಹಳೇ ಲ್ಯಾಪ್‌ಟಾಪಿಗೆ ಟ್ಯಾಲಿಯ ಎಜುಕೇಷನಲ್ ಮೋಡ್ ಹಾಕಿಕೊಂಡೆ. ಪುಕ್ಕಟೆ, ಆದರೆ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ. ನಮ್ಮ ಮನೆಯ ಗೊಬ್ಬರದ ಬಿಲ್ಲು, ಅಡಿಕೆ ಪಟ್ಟಿ, ಹಿಂಡಿ ಬಿಲ್ಲು ಎಲ್ಲವನ್ನೂ ಒಂದನೇ ತಾರೀಖಿಗೇ ಜಮಾ ಮಾಡಿದೆ. ಕೈ ಪಳಗಲು ಒಂದು ತಿಂಗಳು ಬೇಕಾಯಿತು. ನಾನು ಕೆಲಸ ಬಿಟ್ಟ ಮೇಲೆ ಜಿಎಸ್‌ಟಿಯಲ್ಲಿ ಬದಲಾದದ್ದೂ ಬಹಳ ಇತ್ತು.

ಜುಲೈ ಮೊದಲ ವಾರ ಶಿರಸಿ ಪೇಟೆಗೆ ಹೋದೆ. ಜುಲೈ ಎಂದದ್ದು ಯೋಚಿಸಿಯೇ. 31ಕ್ಕೆ ಆದಾಯ ತೆರಿಗೆ ರಿಟರ್ನ್ ಗಡುವು ಎಂದು ಆಡಿಟರ್ ಆಫೀಸಿನವರಿಗೆ ಚಾ ಕುಡಿಯಲೂ ಪುರುಸೊತ್ತಿರುವುದಿಲ್ಲ, ಜಿಎಸ್‌ಟಿ ಎಂಟ್ರಿಗಳು ಮೂಲೆಯಲ್ಲಿ ಕಂತೆ ಬಿದ್ದಿರುತ್ತವೆ. ಕೈ ಬೇಕಾಗಿರುವ ಹೊತ್ತಿಗೆ ಹೋದರೆ ಮಾತು ಬೇಗ ಮುಗಿಯುತ್ತದೆ. ಮಗಳಿಗೆ ರೇನ್‌ಕೋಟ್ ಹಾಕಿ ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ನಾಲ್ಕು ಆಫೀಸು ತಿರುಗಿದೆ. ಒಬ್ಬರು ಬಯೋಡಾಟಾ ಇಟ್ಟು ಹೋಗಿ ಎಂದರು. ಒಬ್ಬರು ಬೆಳಿಗ್ಗೆ ಹತ್ತರಿಂದ ಆರರವರೆಗೆ ಕೂರುವವರು ಬೇಕು ಎಂದರು. ಮೂರನೆಯವರು ಮಗುವನ್ನು ನೋಡಿ, ಇನ್ನೆರಡು ವರ್ಷ ಬಿಟ್ಟು ಬಾ ತಂಗಿ ಎಂದರು. ನಾಲ್ಕನೆಯವರ ತಕರಾರು ಮಾತ್ರ ನ್ಯಾಯದ್ದು: "ಗಿರಾಕಿಗಳ ಲೆಕ್ಕ ನಿಮ್ಮ ಮನೆಯ ಕಂಪ್ಯೂಟರಿಗೆ ಬಂದರೆ ನಾಳೆ ಜವಾಬ್ದಾರಿ ಯಾರದು?"

ಅದಕ್ಕೆ ಉತ್ತರ ಮೊದಲೇ ಯೋಚಿಸಿಟ್ಟಿದ್ದೆ. ಡೇಟಾ ಅವರ ಆಫೀಸಿನ ಕಂಪ್ಯೂಟರಿನಲ್ಲೇ ಇರಲಿ, ನಾನು ಮನೆಯಿಂದ ರಿಮೋಟಿನಲ್ಲಿ ಅದನ್ನೇ ತೆರೆದು ಕೆಲಸ ಮಾಡುತ್ತೇನೆ, ಬಿಲ್ಲಿನ ಫೋಟೋ ನನ್ನ ಫೋನಿನಲ್ಲಿ ಉಳಿಸಿಕೊಳ್ಳುವುದಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ಒಂದು ಅಂಗಡಿಯ ಒಂದು ತಿಂಗಳ ಬಿಲ್ಲು ಕೊಡ್ತೇನೆ, ಮಾಡಿ ತೋರಿಸಿ ಎಂದರು. ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಕೇಳುವಾಗ ಧ್ವನಿ ನಡುಗಿತು, ಆದರೂ ಕೇಳಿದೆ. ಒಂದು ಗಂಟೆಯ ಪರೀಕ್ಷೆ ಪುಕ್ಕಟೆ ಮಾಡಬಹುದು, ತಿಂಗಳ ಕೆಲಸವನ್ನು ಪರೀಕ್ಷೆ ಎಂದು ಪುಕ್ಕಟೆ ಮಾಡಿಸಿಕೊಳ್ಳುವವರ ಹತ್ತಿರ ಮುಂದೆಯೂ ದುಡ್ಡು ಹುಟ್ಟುವುದಿಲ್ಲ. ಅವರು 1,500 ಎಂದರು.

ಆ ಮೊದಲ ಕಂತೆ ಒಬ್ಬ ಅಡಿಕೆ ವ್ಯಾಪಾರಿಯದು. ಅಲ್ಲಿ ನನ್ನ ಅದೃಷ್ಟ ತಿರುಗಿತು ಎನ್ನಬೇಕು. ಹಿಂದೆ ಎಂಟ್ರಿ ಮಾಡಿದ ಹುಡುಗ ಧಾರವಾಡದ ಕಡೆಯವನಂತೆ. ಅಡಿಕೆಯ ಬಗೆಗಳಲ್ಲಿ ರಾಶಿ, ಚಾಲಿ, ಬೆಟ್ಟೆ ಹೇಗೋ ಸರಿ ಹಾಕಿದ್ದ. ಬಿಳೆಗೋಟನ್ನು ಎರಡು ಬೇರೆ ಹೆಸರಲ್ಲಿ ಎರಡು ಐಟಂ ಮಾಡಿದ್ದ. 'ಕೋಕಾ' ಎಂದು ಕಂಡದ್ದನ್ನು ಬಾಟಲಿಯಲ್ಲಿ ಬರುವುದು ಎಂದುಕೊಂಡು ತಂಪು ಪಾನೀಯದ ಗುಂಪಿಗೆ ಸೇರಿಸಿಬಿಟ್ಟಿದ್ದ! ಒಣಗಿದ ಅಡಿಕೆಗೆ ಜಿಎಸ್‌ಟಿ ಶೇಕಡಾ 5, ಅದು ಗೋಟಾಗಲಿ ಕೋಕಾ ಆಗಲಿ. ತೂಕ ಏಕೆ ತಾಳೆಯಾಗುತ್ತಿಲ್ಲ ಎಂದು ಆಫೀಸಿನವರು ತಲೆ ಕೆಡಿಸಿಕೊಂಡಿದ್ದ ವಿಷಯ ನನಗೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಬಿ.ಕಾಂ ಓದಿದ್ದಕ್ಕಲ್ಲ, ದಿನಾ ಅಂಗಳದಲ್ಲಿ ಅದನ್ನೇ ಆರಿಸುವ ಮನೆಯ ಸೊಸೆ ಆದದ್ದಕ್ಕೆ.

ಅಲ್ಲಿಂದ ಒಂದಾದ ಮೇಲೊಂದು ಬಂತು. ಈಗ ಏಳು ಗಿರಾಕಿಗಳ ಲೆಕ್ಕ ನೋಡುತ್ತೇನೆ, ತಿಂಗಳಿಗೆ 13 ಸಾವಿರದ ಆಸುಪಾಸು. 18 ಸಾವಿರ ಅಲ್ಲ. ಯಾವ ಕೆಲಸ, ಎಷ್ಟನೇ ತಾರೀಖಿಗೆ, ದುಡ್ಡು ಎಷ್ಟನೇ ತಾರೀಖಿಗೆ ಎಂಬುದನ್ನು ವಾಟ್ಸಾಪಿನಲ್ಲೇ ಬರೆದು ಅವರಿಂದ 'ಸರಿ' ಎನಿಸಿಕೊಂಡಿದ್ದೇನೆ. ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ಆದಾಯ ತೆರಿಗೆ, ಮುರಿದು ಕೊಡುತ್ತಾರೆ. ಮುರಿದದ್ದು ನನ್ನ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೋಡುತ್ತೇನೆ, ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ನಾನೇ ಜಿಎಸ್‌ಟಿ ನೋಂದಣಿ ಮಾಡಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಇಂಥ ಸೇವೆಗೆ ವರ್ಷಕ್ಕೆ 20 ಲಕ್ಷ ದಾಟುವ ತನಕ ಬೇಡ. ಅಷ್ಟು ಬಂದ ದಿನ ಊರಿಗೆಲ್ಲ ಹೋಳಿಗೆ ಹಾಕಿಸುತ್ತೇನೆ.

ತಪ್ಪೂ ಆಗಿದೆ. ತಿಂಗಳ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಗಿರಾಕಿಗಳ ಖರೀದಿಯ 2ಬಿ ಪಟ್ಟಿ ಬರುತ್ತದೆ, 20ರ ಒಳಗೆ 3ಬಿ ಎಂಬ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು. ನಡುವಿನ ಆರು ದಿನವೇ ನಮ್ಮ ಸುಗ್ಗಿ. ಎರಡನೇ ವರ್ಷದ ಜುಲೈಯಲ್ಲಿ 18ರ ರಾತ್ರಿ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯಿತು. ಇನ್ವರ್ಟರ್ ಮರುದಿನ ಮಧ್ಯಾಹ್ನಕ್ಕೆ ಸತ್ತಿತು, ಸಂಜೆಗೆ ಟವರೂ ಹೋಯಿತು. ಸೊಪ್ಪಿನಬೆಟ್ಟದ ತುದಿಗೆ ಕೊಡೆ ಹಿಡಿದು ಹೋಗಿ ನಿಂತರೂ ಒಂದು ಕಡ್ಡಿ ಬರಲಿಲ್ಲ. ಕರೆಂಟ್ ಬಂದದ್ದು 22ಕ್ಕೆ. ಇಬ್ಬರು ಗಿರಾಕಿಗಳದು ತಡವಾಯಿತು, ದಿನಕ್ಕೆ 50 ರೂಪಾಯಿಯಂತೆ ದಂಡ, ಮೇಲೆ ಬಡ್ಡಿ. ದಂಡದ 200 ರೂಪಾಯಿಯನ್ನು ನಾನೇ ಕೊಟ್ಟೆ, ಅವರು ಬೇಡ ಎಂದರೂ. ಮಳೆ ಬಂದದ್ದು ನನ್ನ ತಪ್ಪಲ್ಲ, ಆದರೆ 16ಕ್ಕೆ ಮುಗಿಸಬಹುದಾಗಿದ್ದನ್ನು 19ಕ್ಕೆ ಇಟ್ಟುಕೊಂಡದ್ದು ನನ್ನದೇ. ಈಗ ಮಳೆಗಾಲದ ಮೂರು ತಿಂಗಳು 15ನೇ ತಾರೀಖಿಗೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ಮಗಳ ಎರಡು ಜೊತೆ ಬಟ್ಟೆ ಹಿಡಿದು ಪೇಟೆಯಲ್ಲಿರುವ ಅಣ್ಣನ ಮನೆಗೆ ಹೋಗಿಬಿಡುತ್ತೇನೆ.

ಹೊತ್ತಿನ ವಿಷಯ. ಬೆಳಿಗ್ಗೆ ಐದರಿಂದ ಏಳು, ಮಗಳು ಅಂಗನವಾಡಿಗೆ ಹೋದಾಗ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ. ಆ ಮಧ್ಯಾಹ್ನದ ಎರಡು ಗಂಟೆ ಅತ್ತೆಯದು. ಅವರು ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗದಿದ್ದರೆ ನನ್ನ ಏಳು ಗಿರಾಕಿಗಳಲ್ಲಿ ಮೂವರು ಇರುತ್ತಿರಲಿಲ್ಲ. ತೊಡೆಯ ಮೇಲೆ ಮಗು, ಎದುರಿಗೆ ಲ್ಯಾಪ್‌ಟಾಪ್, ಮುಖದಲ್ಲಿ ನಗು ಇರುವ ಜಾಹೀರಾತಿನ ಫೋಟೋ ನೋಡಿದರೆ ನನಗೆ ಸಿಟ್ಟು ಬರುತ್ತದೆ. ತೊಡೆಯ ಮೇಲೆ ಮಗು ಇದ್ದ ದಿನ ನನ್ನ ಮಗಳು ಡಿಲೀಟ್ ಒತ್ತಿದ್ದಾಳೆ. ಮನೆಗೆ ಬಂದ ನೆಂಟರಿಗೆ ಇದು ಕೆಲಸ ಎಂದು ಅರ್ಥ ಮಾಡಿಸುವುದು ಇನ್ನೂ ಕಷ್ಟ. "ಮನೆಯಲ್ಲೇ ಇದ್ಯಲೆ, ಕುಡಿಯಲೆ ಎಂತಾರೂ ಮಾಡು" ಎನ್ನುತ್ತಾರೆ. ಮಾಡುತ್ತೇನೆ, 14ರಿಂದ 20 ಬಿಟ್ಟು.

ಎಲ್ಲರಿಗೂ ಟ್ಯಾಲಿ ಬರಬೇಕೆಂದಿಲ್ಲ. ಕುಮಟಾದಲ್ಲಿರುವ ನನ್ನ ಗೆಳತಿ ಹೈಸ್ಕೂಲು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳುತ್ತಾಳೆ, ಶುರು ಮಾಡಿದ್ದು ಬೆಂಗಳೂರಿನಲ್ಲಿರುವ ಅಕ್ಕನ ಮಗನಿಂದ. ಕಾರವಾರದ ಇನ್ನೊಬ್ಬಳು ಕೊಂಕಣಿ, ಕನ್ನಡ, ಹಿಂದಿ ಮೂರೂ ಬರುವುದರಿಂದ ಅನುವಾದ ಮಾಡುತ್ತಾಳೆ. ಮೂವರಿಗೂ ಮೊದಲ ಕೆಲಸ ಸಿಕ್ಕಿದ್ದು ಮುಖಪರಿಚಯದವರಿಂದ.

ಇನ್ನು ತಲೆಬರಹದಲ್ಲಿರುವ ಆರನೇ ಅಕ್ಷರದ ವಿಷಯ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇರುತ್ತದೆ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರು. ಪ್ಯಾನ್‌ನ ನಾಲ್ಕನೇ ಅಕ್ಷರ ಅದು ಯಾರದು ಎಂದು ಹೇಳುತ್ತದೆ: 'ಸಿ' ಎಂದರೆ ಕಂಪನಿ, 'ಎಫ್' ಎಂದರೆ ಪಾಲುದಾರಿಕೆ ಸಂಸ್ಥೆ, 'ಪಿ' ಎಂದರೆ ಒಬ್ಬ ವ್ಯಕ್ತಿ. ಅಂದರೆ ಜಿಎಸ್‌ಟಿ ನಂಬರಿನ ಆರನೇ ಅಕ್ಷರ. ದಿನಕ್ಕೆ ನೂರು ನಂಬರು ನೋಡಿ ಕಣ್ಣಿಗೆ ಅಭ್ಯಾಸವಾದ ಮೇಲೆ ಒಂದು ದಿನ ಸುಮ್ಮನೆ ಆ ಹಳೇ ಹನ್ನೊಂದು ಪುಟದ ಒಪ್ಪಂದ ತೆರೆದೆ. ಮೇಲೆ ದೊಡ್ಡದಾಗಿ 'ಪ್ರೈವೇಟ್ ಲಿಮಿಟೆಡ್'. ಕೆಳಗೆ ಜಿಎಸ್‌ಟಿ ನಂಬರು. ಆರನೇ ಅಕ್ಷರ 'ಪಿ'. ಯಾರೋ ಒಬ್ಬರ ನಂಬರನ್ನು ಎತ್ತಿ ಹಾಕಿದ್ದರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಲಾಗಿನ್ ಇಲ್ಲದೆಯೇ ಹೆಸರು ಬರುತ್ತದೆ. ಬಂತು, ಬೇರೆ ಯಾವುದೋ ಊರಿನ ಅಂಗಡಿಯದು. 2,499 ಉಳಿಸಲು ಎರಡು ನಿಮಿಷ ಸಾಕಿತ್ತು. ಆರನೇ ಅಕ್ಷರ 'ಸಿ' ಇದ್ದರೆ ಕಣ್ಣು ಮುಚ್ಚಿ ನಂಬಿ ಎಂದಲ್ಲ. ನಿಜವಾದ ಕಂಪನಿಯ ನಂಬರನ್ನೂ ಕದಿಯಬಹುದು, ಆಗ ಆ ಕಂಪನಿಯ ಸ್ವಂತ ನಂಬರಿಗೆ ನಾವೇ ಫೋನ್ ಮಾಡಿ ಕೇಳಬೇಕು.

ಕಳೆದ ತಿಂಗಳು ಆಚೆ ಕೇರಿಯ ಹುಡುಗಿ, ನಾಲ್ಕು ತಿಂಗಳ ಬಾಣಂತಿ, ಒಂದು ಆಫರ್ ಲೆಟರ್ ಕಳಿಸಿದಳು. "ಅತ್ಗೆ, ಇದು ಖರೇನಾ ನೋಡು, ಬರೀ 1,999 ಕಟ್ಟವಡ." ನಂಬರು ನೋಡಿದೆ. ಹದಿನಾಲ್ಕೇ ಅಕ್ಷರ ಇತ್ತು, ಆರನೆಯದರ ತನಕ ಹೋಗುವ ಕೆಲಸವೇ ಬರಲಿಲ್ಲ. ಬೇಡ ಎಂದು ಬರೆದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೆಸೇಜ್: "ಹಂಗಾರೆ ನಿನ್ನ ಹತ್ರ ಎಂತಾರೂ ಕೆಲಸ ಇದ್ದಾ?"

ಇತ್ತು. ಆಡಿಟರ್ ಹತ್ತಿರ ಕೇಳಿ, ಒಂದು ಕಿರಾಣಿ ಅಂಗಡಿಯ ಹಳೇ ಬಿಲ್ಲುಗಳ ನಕಲನ್ನು, ಹೆಸರು ನಂಬರು ಮುಚ್ಚಿ, ಅವಳಿಗೆ ಕೊಟ್ಟಿದ್ದೇನೆ. ಎಜುಕೇಷನಲ್ ಮೋಡಿನಲ್ಲಿ ಎಲ್ಲವನ್ನೂ ಒಂದನೇ ತಾರೀಖಿಗೆ ಹಾಕುತ್ತಿದ್ದಾಳೆ. ನಿನ್ನೆಗೆ ಇಪ್ಪತ್ತಮೂರು ಬಿಲ್ಲು ಆಗಿದೆ, ನಾಲ್ಕರಲ್ಲಿ ತಪ್ಪು. ಮುಗಿದ ದಿನ ಕೊಡುತ್ತೇನೆ ಎಂದ ಐನೂರು ರೂಪಾಯಿಯನ್ನು ದೇವರ ಗೂಡಿನಲ್ಲಿ ಎತ್ತಿಟ್ಟಿದ್ದೇನೆ.