ಎರಡು ಗಂಟೆಯಲ್ಲಿ ದೊಡ್ಡ ಕಲಾ ಮ್ಯೂಸಿಯಂ ನೋಡುವುದು ಹೇಗೆ?

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟಿರುವ ಕೃತಿಗಳ ಸಂಖ್ಯೆ ಸುಮಾರು 35,000. ಒಂದೊಂದರ ಮುಂದೆ ಅರ್ಧ ನಿಮಿಷ ಮಾತ್ರ ನಿಂತು, ನಡುವೆ ಊಟ, ನಿದ್ದೆ ಯಾವುದೂ ಇಲ್ಲದೆ ಹಗಲಿರುಳು ನೋಡುತ್ತ ಹೋದರೂ ಅದು ಹನ್ನೆರಡು ದಿನಕ್ಕೆ ಮುಗಿಯುವುದಿಲ್ಲ. ಹೀಗಿರುವಾಗ ಪ್ರವಾಸದ ನಡುವೆ ಎರಡು ಗಂಟೆ ಬಿಡುವು ಮಾಡಿಕೊಂಡು ಇಂಥ ಮ್ಯೂಸಿಯಂಗೆ ಹೋಗುವವರು ಏನನ್ನು ನೋಡಬೇಕು ಎನ್ನುವುದಕ್ಕಿಂತ ಮೊದಲು ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದು ಒಳ್ಳೆಯದು. ಆ ತೀರ್ಮಾನವನ್ನು ಮ್ಯೂಸಿಯಂನ ಬಾಗಿಲಲ್ಲಿ ನಿಂತು ಮಾಡಲಾಗದು, ಹಿಂದಿನ ದಿನವೇ ಮಾಡಿಕೊಂಡಿರಬೇಕು.

ದಿನ ಮತ್ತು ಹೊತ್ತು

ಮೊದಲು ವಾರದ ರಜೆ ಯಾವತ್ತು ಎಂದು ನೋಡಿಕೊಳ್ಳಿ. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಅದೇ ಊರಿನ ಒರ್ಸೇ ಮ್ಯೂಸಿಯಂಗೆ ಸೋಮವಾರ ರಜೆ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬುಧವಾರ. ಒಂದು ಮ್ಯೂಸಿಯಂ ಮುಚ್ಚಿದ ದಿನ ಅಲ್ಲಿಗೆ ಹೋಗಬೇಕಿದ್ದವರಲ್ಲಿ ಹಲವರು ಊರಿನ ಇನ್ನೊಂದು ಮ್ಯೂಸಿಯಂನತ್ತ ತಿರುಗುವುದರಿಂದ, ನೀವು ಹೋಗುವ ಮ್ಯೂಸಿಯಂನ ರಜೆಯ ಜೊತೆಗೆ ನೆರೆಯ ಮ್ಯೂಸಿಯಂನ ರಜೆಯನ್ನೂ ತಿಳಿದಿರುವುದು ಲಾಭದಾಯಕ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಸಾಮಾನ್ಯವಾಗಿ ಜನ ಕಡಿಮೆ ಇರುತ್ತಾರೆ. ವಾರದಲ್ಲಿ ಒಂದೆರಡು ದಿನ ರಾತ್ರಿಯವರೆಗೂ ತೆರೆದಿರುವ ಮ್ಯೂಸಿಯಂಗಳಲ್ಲಿ ಸಂಜೆಯ ಹೊತ್ತು ಇನ್ನೂ ಹಿತವಾಗಿರುತ್ತದೆ.

ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ದಿನದ ಕೊನೆಯ ಎರಡು ಗಂಟೆ ಎಲ್ಲರಿಗೂ ಉಚಿತ ಪ್ರವೇಶ ಕೊಡುತ್ತದೆ. ಆದರೆ ಆ ಎರಡು ಗಂಟೆಯಲ್ಲಿ ಒಂದು ಪಾಲು ಸರದಿಯಲ್ಲೇ ಕಳೆದುಹೋಗಬಹುದು. ಸಮಯದ ಕೊರತೆ ಇರುವವರು ಹಣ ಕೊಟ್ಟು, ನಿಗದಿತ ವೇಳೆಯ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮುಂಗಡವಾಗಿ ಪಡೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಂಥ ಟಿಕೆಟ್ ಇದ್ದರೂ ಭದ್ರತಾ ತಪಾಸಣೆಯ ಸಾಲು ತಪ್ಪುವುದಿಲ್ಲ ಎಂಬುದು ನೆನಪಿರಲಿ.

ಆಯ್ಕೆ

ಯೋಜನೆಯ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಇಲ್ಲಿಗೆ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವೀಕ್ಷಕರು ಒಂದು ಹೆಸರಾಂತ ಚಿತ್ರದ ಮುಂದೆ ನಿಂತದ್ದು ಸರಾಸರಿ 27 ಸೆಕೆಂಡು ಮಾತ್ರ; ಅವರಲ್ಲಿ ಅರ್ಧದಷ್ಟು ಮಂದಿ 17 ಸೆಕೆಂಡಿನೊಳಗೇ ಮುಂದಕ್ಕೆ ಸಾಗಿದ್ದರು. ಇಷ್ಟು ಹೊತ್ತಿನಲ್ಲಿ ಚಿತ್ರದಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸುವುದೂ ಕಷ್ಟ. ಆದ್ದರಿಂದ ಪಟ್ಟಿ ಚಿಕ್ಕದಾಗಿರಲಿ. ನೋಡಲೇಬೇಕಾದವು ಮೂರು, ಅವುಗಳ ಆಸುಪಾಸಿನಲ್ಲೇ ಸಿಗುವಂಥವು ನಾಲ್ಕೈದು, ಇಷ್ಟಿದ್ದರೆ ಎರಡು ಗಂಟೆಗೆ ಧಾರಾಳವಾಯಿತು. ಮೂರೂ ಕಟ್ಟಡದ ಒಂದೇ ಭಾಗದಲ್ಲಿದ್ದರೆ ಇನ್ನೂ ಒಳ್ಳೆಯದು. ಈಜಿಪ್ಟಿನ ಶಿಲ್ಪದಿಂದ ಇಂಪ್ರೆಷನಿಸ್ಟರ ಚಿತ್ರಗಳವರೆಗೆ ಓಡಾಡುವ ಪಟ್ಟಿಯನ್ನು ಮಾಡಿಕೊಂಡವರು ಕಾಣುವುದು ಹೆಚ್ಚಾಗಿ ಮೆಟ್ಟಿಲುಗಳನ್ನೇ.

ದೊಡ್ಡ ಮ್ಯೂಸಿಯಂಗಳ ಜಾಲತಾಣದಲ್ಲಿ ಪ್ರತಿ ಕೃತಿಗೂ ಒಂದು ಪುಟವಿದ್ದು, ಅದು ಈಗ ಪ್ರದರ್ಶನದಲ್ಲಿದೆಯೇ, ಇದ್ದರೆ ಎಷ್ಟನೆಯ ಗ್ಯಾಲರಿಯಲ್ಲಿದೆ ಎಂಬ ವಿವರ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಇದನ್ನು ನೋಡದೆ ಹೊರಡಬೇಡಿ. ಕೃತಿಯೊಂದು ಬೇರೊಂದು ಮ್ಯೂಸಿಯಂಗೆ ಎರವಲು ಹೋಗಿರಬಹುದು ಅಥವಾ ದುರಸ್ತಿಯಲ್ಲಿರಬಹುದು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಚಿತ್ರದ ಸಂಶೋಧನೆ ಮತ್ತು ಸಂರಕ್ಷಣೆಯ ಕೆಲಸ 2019ರಲ್ಲಿ ಆರಂಭವಾದಾಗ, ಅದನ್ನು ಒಳಗೆ ಸಾಗಿಸದೆ ಗಾಜಿನ ಕೋಣೆ ಕಟ್ಟಿ ಜನರ ಕಣ್ಣೆದುರೇ ನಡೆಸಲಾಯಿತು. ಎಲ್ಲ ಕೃತಿಗಳಿಗೂ ಆ ಭಾಗ್ಯವಿಲ್ಲ. ಅದರಲ್ಲೂ ಕಾಗದದ ಮೇಲಿನ ಕೃತಿಗಳನ್ನು, ಅಂದರೆ ರೇಖಾಚಿತ್ರ, ಜಲವರ್ಣ, ಮರದಚ್ಚಿನ ಮುದ್ರಣಗಳನ್ನು ನೋಡಲೆಂದೇ ಹೋಗುವವರು ಹೆಚ್ಚು ಎಚ್ಚರದಿಂದಿರಬೇಕು. ಬೆಳಕಿಗೆ ಅವುಗಳ ಬಣ್ಣ ಮಾಸುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಹಾಗಾಗಿ ಅವುಗಳನ್ನು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ, ಬಳಿಕ ದೀರ್ಘ ಕಾಲ ಕತ್ತಲಲ್ಲಿ ಇಡುತ್ತಾರೆ. ಜಪಾನಿನ ಕಲಾವಿದ ಹೊಕುಸಾಯ್‌ನ ಪ್ರಖ್ಯಾತ ಅಲೆಯ ಮರದಚ್ಚಿನ ಚಿತ್ರದ ಪ್ರತಿಗಳು ಅನೇಕ ಮ್ಯೂಸಿಯಂಗಳಲ್ಲಿವೆಯಾದರೂ, ನೀವು ಹೋದ ದಿನ ಅದು ಗೋಡೆಯ ಮೇಲಿರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಕೃತಿಯ ಅಳತೆಯನ್ನೂ ಗಮನಿಸಿ. ಲೂವ್ರ್‌ನಲ್ಲಿರುವ ಮೋನಾಲಿಸಾ ಚಿತ್ರದ ಎತ್ತರ 77 ಸೆಂಟಿಮೀಟರ್, ಅಗಲ 53 ಸೆಂಟಿಮೀಟರ್. ಗಾಜಿನ ಹಿಂದಿರುವ ಅದನ್ನು ಜನಜಂಗುಳಿಯ ತಲೆಗಳ ಮೇಲಿಂದ, ಎತ್ತಿ ಹಿಡಿದ ಮೊಬೈಲ್‌ಗಳ ನಡುವೆ ನೋಡಬೇಕು. ಅದೇ ಕೋಣೆಯಲ್ಲಿ ಅದರ ಎದುರು ಗೋಡೆಯ ಮೇಲೆ ಸುಮಾರು ಹತ್ತು ಮೀಟರ್ ಅಗಲದ, ವೆರೊನೀಸೆ ರಚಿಸಿದ ‘ಕಾನಾ ಊರಿನ ಮದುವೆ’ ಚಿತ್ರವಿದೆ, ನೆರೆದವರಲ್ಲಿ ಬಹುಪಾಲು ಮಂದಿ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಹೆಸರಾಂತ ಕೃತಿಯೊಂದನ್ನು ನೋಡಿದೆನೆಂದು ಹೇಳಿಕೊಳ್ಳುವ ಆಸೆ ತಪ್ಪೇನಲ್ಲ, ಆದರೆ ಅದಕ್ಕೆ ತಗಲುವ ನಿಮಿಷಗಳನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಪಟ್ಟಿಗೆ ಸೇರಿಸಿ.

ಸಮಯದ ಲೆಕ್ಕ

ಎರಡು ಗಂಟೆ ಎಂದರೆ ನೋಡಲು ಎರಡು ಗಂಟೆ ಸಿಗುತ್ತದೆ ಎಂದರ್ಥವಲ್ಲ. ತಪಾಸಣೆ, ಚೀಲ ಒಪ್ಪಿಸುವುದು, ಶೌಚಾಲಯ, ನಕ್ಷೆ ಬಿಡಿಸಿ ದಿಕ್ಕು ತಿಳಿಯುವುದು ಇವಕ್ಕೆ ಇಪ್ಪತ್ತು ನಿಮಿಷ, ಗ್ಯಾಲರಿಗಳ ನಡುವಿನ ನಡಿಗೆಗೆ ಇನ್ನೊಂದು ಇಪ್ಪತ್ತು, ಕುಳಿತು ಸುಧಾರಿಸಿಕೊಳ್ಳಲು ಹತ್ತು ಹದಿನೈದು ಎಂದಿಟ್ಟುಕೊಂಡರೆ ಉಳಿಯುವುದು ಒಂದು ಗಂಟೆಗಿಂತ ತುಸು ಹೆಚ್ಚು. ಬಾಸ್ಟನ್‌ನ ಲಲಿತಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಗಿಲ್‌ಮನ್ ಅವರು 1916ರಷ್ಟು ಹಿಂದೆಯೇ ‘ಮ್ಯೂಸಿಯಂ ಆಯಾಸ’ದ ಬಗ್ಗೆ ಬರೆದು, ಪ್ರದರ್ಶಿತ ವಸ್ತುಗಳನ್ನು ನೋಡಲು ಮನುಷ್ಯ ಎಷ್ಟೆಲ್ಲ ಬಗ್ಗಿ ಬಾಗಬೇಕಾಗುತ್ತದೆ ಎಂಬುದನ್ನು ಛಾಯಾಚಿತ್ರಗಳ ಸಮೇತ ತೋರಿಸಿದ್ದರು. ಆಯಾಸ ಕಾಲಿಗಷ್ಟೇ ಅಲ್ಲದೆ ಗಮನಕ್ಕೂ ಆಗುವುದರಿಂದ, ಎಲ್ಲಕ್ಕಿಂತ ಹೆಚ್ಚು ನೋಡಬೇಕೆನಿಸಿದ ಕೃತಿಯನ್ನು ಕೊನೆಗೆ ಉಳಿಸಿಕೊಳ್ಳದೆ ಮೊದಲ ಅರ್ಧ ಗಂಟೆಯಲ್ಲೇ ನೋಡಿಬಿಡಿ.

ಒಳಗೆ ಹೋದ ಮೇಲೆ

ಮೆತ್ತನೆಯ, ನಡೆದು ಒಗ್ಗಿದ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ. ದೊಡ್ಡ ಚೀಲ, ಉದ್ದನೆಯ ಕೊಡೆ, ಸೆಲ್ಫಿ ಕೋಲುಗಳನ್ನು ಬಹುತೇಕ ಕಡೆ ಗ್ಯಾಲರಿಯೊಳಗೆ ಬಿಡುವುದಿಲ್ಲ. ಫ್ಲ್ಯಾಶ್ ಬಳಸುವಂತಿಲ್ಲ, ಪ್ರಾಡೊದ ಗ್ಯಾಲರಿಗಳಲ್ಲಂತೂ ಫೋಟೊ ತೆಗೆಯುವುದಕ್ಕೇ ಅವಕಾಶವಿಲ್ಲ.

ಜನರು ಗ್ಯಾಲರಿಯನ್ನು ಪ್ರವೇಶಿಸಿದೊಡನೆ ಹೆಚ್ಚಾಗಿ ಬಲಕ್ಕೇ ತಿರುಗುತ್ತಾರೆಂದು 1930ರ ದಶಕದಲ್ಲಿ ಅಮೆರಿಕದ ಮ್ಯೂಸಿಯಂಗಳಲ್ಲಿ ಆರ್ಥರ್ ಮೆಲ್ಟನ್ ನಡೆಸಿದ ಅಧ್ಯಯನಗಳು ಗುರುತಿಸಿವೆ. ಎಡಕ್ಕೆ ತಿರುಗಿ ನೋಡಿ, ಅರ್ಧ ನೂಕುನುಗ್ಗಲು ತಪ್ಪಲೂಬಹುದು. ಪ್ರವೇಶದ್ವಾರಕ್ಕೆ ಹತ್ತಿರದ ಕೋಣೆಗಳನ್ನು ಸದ್ಯಕ್ಕೆ ದಾಟಿ, ಆರಿಸಿಕೊಂಡ ಭಾಗದ ತುದಿಗೆ ನೇರವಾಗಿ ನಡೆದು, ಅಲ್ಲಿಂದ ಹಿಂದಕ್ಕೆ ನೋಡುತ್ತ ಬರುವುದೂ ಒಳ್ಳೆಯ ಉಪಾಯ. ಹೋಗುವಾಗ ಕಣ್ಣಿಗೆ ಬಿದ್ದು ಕಾಡುವ ಚಿತ್ರವಿದ್ದರೆ ಗ್ಯಾಲರಿಯ ಸಂಖ್ಯೆಯನ್ನು ಗುರುತು ಹಾಕಿಕೊಂಡು ಮುಂದೆ ನಡೆಯಿರಿ.

ಚಿತ್ರದ ಮುಂದೆ ನಿಂತಾಗ ಮೊದಲು ಚಿತ್ರವನ್ನು ನೋಡಿ, ಆಮೇಲೆ ಪಕ್ಕದ ಫಲಕವನ್ನು ಓದಿ. ದೂರದಿಂದೊಮ್ಮೆ, ಕುಂಚದ ಗೆರೆ ಕಾಣುವಷ್ಟು ಹತ್ತಿರದಿಂದೊಮ್ಮೆ ನೋಡಿದರೆ ಎಣ್ಣೆಬಣ್ಣದ ಚಿತ್ರಗಳು ಬೇರೆಬೇರೆಯಾಗಿಯೇ ಕಾಣುತ್ತವೆ. ಫಲಕದ ಕೊನೆಯಲ್ಲಿರುವ ಸಂಖ್ಯೆಯನ್ನು ಯಾರೂ ಓದುವುದಿಲ್ಲ, ಆದರೆ ಅದರಲ್ಲೂ ಒಂದು ಸ್ವಾರಸ್ಯವಿದೆ: ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜಾರ್ಜ್ ವಾಷಿಂಗ್ಟನ್ ಡೆಲವೇರ್ ನದಿ ದಾಟುವ ಬೃಹತ್ ಚಿತ್ರದ ಸಂಖ್ಯೆ 97.34. ಅದು 1897ರಲ್ಲಿ ಮ್ಯೂಸಿಯಂಗೆ ಬಂದದ್ದನ್ನು ಮೊದಲ ಎರಡು ಅಂಕಿಗಳು ಹೇಳುತ್ತವೆ. ಆಡಿಯೊ ಗೈಡ್ ಬೇಕೆನ್ನುವವರು ಆರಿಸಿಕೊಂಡ ಕೃತಿಗಳಿಗಷ್ಟೇ ಅದನ್ನು ಬಳಸುವುದು ಮೇಲು, ಇಲ್ಲವಾದರೆ ಯಾವ ಕೋಣೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಅದೇ ನಿರ್ಧರಿಸತೊಡಗುತ್ತದೆ.

ಮುಚ್ಚುವ ವೇಳೆ ಎಂದು ಪ್ರಕಟಿಸಿರುವುದು ಕಟ್ಟಡದ ಬಾಗಿಲು ಹಾಕುವ ಹೊತ್ತು. ಸಿಬ್ಬಂದಿ ಗ್ಯಾಲರಿಗಳನ್ನು ತೆರವುಗೊಳಿಸಲು ಅದಕ್ಕೆ ಸಾಕಷ್ಟು ಮೊದಲೇ ಆರಂಭಿಸುತ್ತಾರೆ, ಕೊನೆಯ ಪ್ರವೇಶವಂತೂ ಇನ್ನೂ ಮುಂಚೆಯೇ ನಿಲ್ಲುತ್ತದೆ. ಒಮ್ಮೆ ಹೊರಬಂದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ರೈಲನ್ನೋ ವಿಮಾನವನ್ನೋ ಹಿಡಿಯಬೇಕಾದವರು ಎಲ್ಲರೊಂದಿಗೆ ಕ್ಲೋಕ್‌ರೂಮ್‌ನ ಸರದಿಯಲ್ಲಿ ನಿಲ್ಲುವ ಬದಲು, ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಇರುವಾಗಲೇ ಚೀಲ ಬಿಡಿಸಿಕೊಂಡು, ಮ್ಯೂಸಿಯಂನ ಅಂಗಡಿಗೆ ಆಮೇಲೆ ಹೋಗುವುದು ಕ್ಷೇಮ.